ಹೊಗೆ ಯಾರ ಪಾಲಿಗೆ?

(ಠಾಕುರ್ಲಿಯ ನಮ್ಮ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ. ಪಾಳಿಯ ಕೆಲಸದಿಂದಾಗಿ ಬರಲಾಗದಿದ್ದ ಸದಸ್ಯರ ಅನುಕೂಲಕ್ಕಾಗಿ ಪೂರ್ತಿಯಾಗಿ ಅಚ್ಚು ಮಾಡಿದೆ.)



ಭಾಷಣ ಮಾಡಿ ಅಭ್ಯಾಸವಿರುವವರು ನಾವಲ್ಲ. ಮೆಟ್ರಿಕ್‌ವರೆಗೆ ಓದಿ, ಊರು ಬಿಟ್ಟು ಬಂದು, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಚಲನ್ ಬರೆದು ಹೊಟ್ಟೆ ಹೊರೆಯುವವರು. ಬೆಳಗ್ಗೆ ಡ್ಯೂಟಿಗೆ ಹೋಗುವ ಮುನ್ನ ಈ ವಾಚನಾಲಯದ ಬೀಗ ತೆಗೆದು, ಮೇಜು ಒರೆಸಿ, ಪತ್ರಿಕೆಗಳನ್ನು ಕಡ್ಡಿಗೆ ಸಿಕ್ಕಿಸಿ ಇಡುವುದು ನಮ್ಮ ಪಾಲಿಗೆ ಬಂದ ಸೇವೆ. ಇಂದಿನ ಮಾತು ಆ ಮೇಜು ಒರೆಸುವ ಬಟ್ಟೆಯಿಂದಲೇ ಹುಟ್ಟಿತು ಎಂದರೆ ತಾವು ನಗಬಾರದು.

ರಾತ್ರಿ ಒರೆಸಿಟ್ಟ ಮೇಜನ್ನು ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಅದು ಮಣ್ಣಿನ ಕೆಂಪಲ್ಲ, ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿ ಹಿಡಿಯುವಂಥ ಮಸಿ. ರಸ್ತೆಯ ಕಡೆಯ ಕಿಟಕಿಯನ್ನು ನಾವು ಒಂದು ವರ್ಷದಿಂದ ಮುಚ್ಚಿಯೇ ಇಟ್ಟಿದ್ದೇವೆ. ಆದರೂ ಮಸಿ ಬರುತ್ತದೆ. ಆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿನವೂ ಕುಳಿತು ಪತ್ರಿಕೆ ಓದುತ್ತಿದ್ದ ಒಬ್ಬ ಹಿರಿಯರನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಒಂದು ದಿನ ಅವರು ಕೆಮ್ಮುತ್ತ, “ತಮ್ಮಾ, ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಸೆಕೆ. ಓದುವುದು ಯಾವಾಗ?” ಎಂದರು. ನಾವು ಉತ್ತರ ಕೊಡಲಿಲ್ಲ. ಕೆಲವು ದಿನಗಳಲ್ಲಿ ಅವರು ಬರುವುದನ್ನೇ ನಿಲ್ಲಿಸಿದರು. ಕಾಸು ಕೇಳದ ವಾಚನಾಲಯಕ್ಕೆ ಬರಲಾರದಂತೆ ಒಬ್ಬ ಓದುಗನನ್ನು ಹೊಗೆ ತಡೆಯಿತು. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಭಾಷಣ.

ಮೊದಲು ನಮ್ಮ ಠಾಕುರ್ಲಿಯ ಕಥೆಯನ್ನೇ ಹೇಳುತ್ತೇವೆ. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ಅದನ್ನು ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ. ಅಲ್ಲಿಯವರೆಗೆ ರೈಲೆಂದರೆ ಹೊಗೆಬಂಡಿ. ನಮ್ಮ ಅಜ್ಜಂದಿರು ಆ ಹೆಸರಿನಿಂದಲೇ ಕರೆಯುತ್ತಿದ್ದರು. ಕಲ್ಯಾಣದಾಚೆ ಘಟ್ಟ ಹತ್ತಿ ಪುಣೆಯವರೆಗೂ ತಂತಿ ಎಳೆಯುವ ಕೆಲಸ ನಡೆದಿದ್ದ ದಿನಗಳಲ್ಲಿ, 1929ರಲ್ಲಿ, ಅದೇ ಕಂಪನಿ ನಮ್ಮ ಠಾಕುರ್ಲಿಯಲ್ಲಿ ಒಂದು ವಿದ್ಯುದಾಗಾರವನ್ನು ಕಟ್ಟಿತು. ಅದೇ ಚೋಳಾ ಪವರ್ ಹೌಸ್. ಅಲ್ಲಿ ಕಲ್ಲಿದ್ದಲು ಉರಿಸಿ, ಹಬೆ ಎಬ್ಬಿಸಿ, ವಿದ್ಯುತ್ತು ಹುಟ್ಟಿಸಿ, ರೈಲಿನ ತಂತಿಗೆ ಕೊಡುತ್ತಿದ್ದರು.

ಈಗ ತಾವೇ ಯೋಚಿಸಿ. ಬೋರಿ ಬಂದರಿನ ಪ್ರಯಾಣಿಕನ ಅಂಗಿ ಬಿಳಿಯಾಗಿ ಉಳಿಯಿತು. ಗಾಡಿಯ ಕಿಟಕಿಯಿಂದ ಕೆಂಡದ ಕಿಡಿ ಬಂದು ಕಣ್ಣಿಗೆ ಬೀಳುವುದು ತಪ್ಪಿತು. ಆದರೆ ಹೊಗೆ ಮಾಯವಾಯಿತೇ? ಇಲ್ಲ. ದಾರಿಯುದ್ದಕ್ಕೂ ಚೆಲ್ಲುತ್ತಿದ್ದ ಹೊಗೆ ಒಂದು ಕಡೆ ಗುಂಪುಗೂಡಿತು. ಆ ಒಂದು ಕಡೆ ನಮ್ಮ ಠಾಕುರ್ಲಿ. ಆ ವಿದ್ಯುದಾಗಾರ ನಿಂತು ಈಗ ದಶಕಗಳೇ ಕಳೆದಿವೆ. ಆದರೂ ಅದು ಕಲಿಸಿದ ಪಾಠ ಹಳೆಯದಾಗಿಲ್ಲ. ಶುಚಿಯಾದ ವಾಹನ ಎಂದು ಯಾರಾದರೂ ಹೇಳಿದರೆ, “ಒಳ್ಳೆಯದು, ಹೊಗೆ ಈಗ ಯಾರ ಪಾಲಿಗೆ ಹೋಯಿತು?” ಎಂದು ಕೇಳುವ ಹಕ್ಕು ಠಾಕುರ್ಲಿಯವರಿಗೆ ಬೇರೆಲ್ಲರಿಗಿಂತ ಒಂದು ಪಟ್ಟು ಹೆಚ್ಚು.

ಹಾಗೆಂದು ವಿದ್ಯುತ್ತು ಬೇಡವೆನ್ನುವವರು ನಾವಲ್ಲ. ಕನ್ನಡಿಗರಿಗೆ ವಿದ್ಯುತ್ತಿನ ಹೆಮ್ಮೆ ಹಳೆಯದು. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಅದರಲ್ಲಿ ಹೊಗೆಯಿರಲಿಲ್ಲ. 1915ರಲ್ಲಿ ಖೋಪೋಲಿಯಲ್ಲಿ ಟಾಟಾ ಕಂಪನಿಯವರು ಘಟ್ಟದ ನೀರಿನಿಂದಲೇ ವಿದ್ಯುತ್ತು ತೆಗೆದು ಮುಂಬಯಿಯ ಗಿರಣಿಗಳಿಗೆ ಕೊಟ್ಟರು. ವಿದ್ಯುತ್ತು ನೀರಿನದೋ, ಬಿಸಿಲಿನದೋ, ಕಲ್ಲಿದ್ದಲಿನದೋ ಎಂಬುದರ ಮೇಲೆ ಅದರ ಶುಚಿತ್ವ ನಿಂತಿದೆ. ಇಂದಿಗೂ ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತಿದೆ. ಆದರೂ ಬ್ಯಾಟರಿ ಗಾಡಿಗೆ ಎರಡು ಗುಣ ಉಂಟು. ಜನ ಉಸಿರಾಡುವ ಬೀದಿಯಲ್ಲಿ ಅದು ಹೊಗೆ ಬಿಡುವುದಿಲ್ಲ. ಇನ್ನು, ಪೆಟ್ರೋಲಿನ ಎಂಜಿನ್ನು ತಾನು ತಿಂದದ್ದರಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಓಟಕ್ಕೆ ಬಳಸಿ ಉಳಿದುದನ್ನು ಬಿಸಿಯಾಗಿ ಕಳೆದರೆ, ವಿದ್ಯುತ್ ಮೋಟರು ತನಗೆ ಕೊಟ್ಟದ್ದರಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಓಟಕ್ಕೇ ಹಾಕುತ್ತದೆ. 2007ರಿಂದೀಚೆಗೆ ಬಂದ ಹೊಸ ಬಗೆಯ ಲೋಕಲ್ ಗಾಡಿಗಳಂತೂ ಬ್ರೇಕು ಹಾಕಿದಾಗ ವಿದ್ಯುತ್ತನ್ನು ತಂತಿಗೇ ಹಿಂದಿರುಗಿಸುತ್ತವೆ. ಖರ್ಚಿಗೆ ಕೊಟ್ಟ ಹಣದಲ್ಲಿ ಚಿಲ್ಲರೆ ತಿರುಗಿ ತರುವ ಮನೆಯ ಹುಡುಗನಂತೆ.

ಇನ್ನು ಆ ಮಸಿಯ ವಿಷಯ. ಕಣ್ಣಿಗೆ ಕಾಣುವ ಮಸಿ ಮೇಜಿಗೆ ಬೀಳುತ್ತದೆ. ಕಾಣದ ಮಸಿ ಎದೆಗೆ ಇಳಿಯುತ್ತದೆ. ಒಂದು ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣ ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ತಳ ಮುಟ್ಟುತ್ತದೆ. ಡೀಸೆಲ್ ಹೊಗೆಯಲ್ಲಿ ಇಂಥ ಕಣಗಳೇ ಹೆಚ್ಚು. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಸರಕಾರ 2009ರಲ್ಲಿ ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 5. 2019ರಲ್ಲಿ ಕೇಂದ್ರ ಸರಕಾರ ಗಾಳಿ ಶುದ್ಧಿಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಮುಂಬಯಿ, ನವಿ ಮುಂಬಯಿಗಳ ಜೊತೆ ನಮ್ಮ ನೆರೆಯ ಉಲ್ಲಾಸನಗರ, ಬದಲಾಪುರಗಳೂ ಇದ್ದವು. ಗಾಳಿಗೆ ನಗರಸಭೆಯ ಗಡಿಕಲ್ಲು ತಿಳಿಯದು.

ಎಲ್ಲ ಹೊಗೆಯೂ ವಾಹನದ್ದೇ ಎಂದು ಹೇಳಿದರೆ ಸುಳ್ಳಾದೀತು. 2014ರಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಹನಿ ಬಿದ್ದುದನ್ನೂ, 2020ರಲ್ಲಿ ಕೈಗಾರಿಕಾ ವಸಾಹತಿನ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದುದನ್ನೂ ತಾವು ಪತ್ರಿಕೆಯಲ್ಲಿ ಓದಿದ್ದೀರಿ. ಕಾರ್ಖಾನೆಯ ಹೊಗೆ, ಕಸ ಸುಡುವ ಹೊಗೆ, ಕಟ್ಟಡದ ಧೂಳು ಎಲ್ಲವೂ ಸೇರಿವೆ. ಆದರೆ ನಮ್ಮ ಕೈಗೆ ಎಟುಕುವುದು ಯಾವುದು ಎಂದು ನೋಡಿದಾಗ ವಾಹನ ಕಣ್ಣಿಗೆ ಬಿತ್ತು.

ಇಲ್ಲಿ ನಮ್ಮದೊಂದು ತಪ್ಪನ್ನು ಅರಿಕೆ ಮಾಡಿಕೊಳ್ಳಬೇಕು. ಆ ಹಿರಿಯರು ಬರುವುದನ್ನು ನಿಲ್ಲಿಸಿದ ಬೇಸರದಲ್ಲಿ ನಾವು ಒಂದು ಅರ್ಜಿ ಬರೆದೆವು. ಸ್ಟೇಶನ್ ಬಳಿಯ ರಿಕ್ಷಾಗಳಿಂದ ಹೊಗೆಯಾಗುತ್ತಿದೆ, ಹಳೆಯ ರಿಕ್ಷಾಗಳನ್ನು ತೆಗೆಸಬೇಕು ಎಂದು ಒಳ್ಳೆಯ ಅಕ್ಷರದಲ್ಲಿ ಬರೆದು, ಇಪ್ಪತ್ತು ಜನರ ಸಹಿ ಹಾಕಿಸಿದೆವು. ಕಳುಹಿಸುವ ಮುನ್ನ ವಾಚನಾಲಯದ ಗೋಡೆಗೆ ಒಂದು ಪ್ರತಿ ಅಂಟಿಸಿದೆವು. ಅದೇ ಸಂಜೆ ಕಲಬುರಗಿ ಕಡೆಯ ಒಬ್ಬ ರಿಕ್ಷಾದವರು ಅದನ್ನು ನಿಂತು ಓದಿದರು. ಅವರೂ ನಮ್ಮ ಓದುಗರೇ. ಓದಿ ಮುಗಿಸಿ ನಮ್ಮ ಮೇಜಿನ ಬಳಿ ಬಂದು ಹೇಳಿದರು: “ಅಣ್ಣಾರ, ಅರ್ಜಿ ಭಾಳ ಛಲೋ ಬರದೀರಿ. ಖರೇ ನನ್ನ ಗಾಡಿ ಗ್ಯಾಸಿಂದು ಐತಿ. ಕರೀ ಹೊಗಿ ಅದು ಬಿಡಂಗಿಲ್ಲ. ಒಂದಿನ ಕಿಟಕಿ ತಗದು ಕುಂತು ನೋಡ್ರಿ, ಆಮ್ಯಾಲೆ ಸಹಿ ಮಾಡ್ರಿ. ಗಾಡಿ ತಗಸಿದ್ರ ನನ್ನ ಮಕ್ಕಳ ಫೀ ನೀವು ಕಟ್ಟತೀರೇನ್ರಿ?”

ಆ ಮಾತು ಎದೆಗೆ ನಾಟಿತು. ಮುಂದಿನ ಭಾನುವಾರ ಕಿಟಕಿ ತೆಗೆದು, ಪೆನ್ಸಿಲು ಹಿಡಿದು ಕುಳಿತೆವು. ಕಪ್ಪು ಹೊಗೆ ಬಿಟ್ಟ ಗಾಡಿಗಳಿಗೆ ಒಂದೊಂದು ಗೆರೆ ಎಳೆದೆವು. ಗೆರೆ ಬಿದ್ದದ್ದು ಹೆಚ್ಚಾಗಿ ಡೀಸೆಲ್ ಟೆಂಪೋಗಳಿಗೆ, ನೀರಿನ ಟ್ಯಾಂಕರುಗಳಿಗೆ, ಇಟ್ಟಿಗೆ ಮರಳಿನ ಲಾರಿಗಳಿಗೆ. ಅದರಲ್ಲೂ ಓಡುವ ಗಾಡಿಗಿಂತ, ನಿಂತಲ್ಲೇ ಎಂಜಿನ್ನು ಬಂದ್ ಮಾಡದೆ ಗುರುಗುಟ್ಟುವ ಗಾಡಿಯಿಂದ ಹೆಚ್ಚು ಕಾಟ.

ಸೋಮವಾರ ಮಿಲ್ಲಿಗೆ ಹೋದಾಗ ನಮ್ಮ ಕಣ್ಣು ಬೇರೆಯಾಗಿತ್ತು. ಗೇಟಿನ ಹೊರಗೆ ಟೆಂಪೋಗಳು ಸಾಲಾಗಿ ನಿಂತು ಗುರುಗುಟ್ಟುತ್ತಿದ್ದವು. ಏಕೆ ನಿಂತಿದ್ದವು? ಚಲನ್‌ಗಾಗಿ. ಚಲನ್ ಬರೆಯಬೇಕಾದವರು ಯಾರು? ನಾವೇ! ಚಹಾ ಕುಡಿದು, ಹಾಜರಿ ಹಾಕಿ, ಪತ್ರಿಕೆಯ ತಲೆಬರಹ ನೋಡಿ, ಹತ್ತೂವರೆಗೆ ನಾವು ಚಲನ್ ಬರೆಯಲು ಕುಳಿತುಕೊಳ್ಳುವವರೆಗೆ ಆ ಗಾಡಿಗಳು ಹೊಗೆ ಉಗುಳುತ್ತ ನಿಂತಿರುತ್ತಿದ್ದವು. ಇಪ್ಪತ್ತು ಜನರ ಸಹಿ ಹಾಕಿಸಿ ಪರರ ಹೊಗೆಯ ಮೇಲೆ ಅರ್ಜಿ ಬರೆದವರ ಪೆನ್ನಿನಿಂದಲೇ ಅಷ್ಟು ಹೊಗೆ ಹೊರಟಿತ್ತು. ಅಂದಿನಿಂದ ಮರುದಿನದ ಚಲನ್‌ಗಳನ್ನು ಹಿಂದಿನ ಸಂಜೆಯೇ ಬರೆದಿಡುತ್ತೇವೆ. ಗಾಡಿಗಳು ಬಂದವು, ತುಂಬಿದವು, ಹೋದವು. ಟೆಂಪೋದವರಿಗೆ ಡೀಸೆಲ್ ಉಳಿಯಿತು. ನಮಗೆ ಖರ್ಚಾದದ್ದು ಸಂಜೆಯ ಅರ್ಧ ಗಂಟೆ. ಅರ್ಜಿಯನ್ನು ಗೋಡೆಯಿಂದ ಕಿತ್ತು ಹಾಕಿದೆವು.

ಇದರಿಂದ ನಾವು ಕಲಿತದ್ದು ಇಷ್ಟೇ: ಗಾಡಿ ಓಡಿಸುವವನನ್ನು ಹೊರಗಿಟ್ಟು ಗಾಡಿಯ ವಿಚಾರ ಮಾಡಬಾರದು. ಈ ಮಾತಿಗೆ ದೇಶದ ಅನುಭವವೂ ಸಾಕ್ಷಿ ನುಡಿಯುತ್ತದೆ.

ಮುಂಬಯಿಯಲ್ಲಿ ಹೊಗೆಯಿಂದ ಬಳಲಿದ ನಿವಾಸಿಗಳು ‘ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ’ ಎಂಬ ಕೂಟ ಕಟ್ಟಿಕೊಂಡು 1999ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸಾರಿಗೆ ಆಯುಕ್ತರಾದ ವಿ. ಎಂ. ಲಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಹಳೆಯ ಟ್ಯಾಕ್ಸಿ ರಿಕ್ಷಾಗಳು ಶುಚಿಯಾದ ಇಂಧನಕ್ಕೆ ಬದಲಾಗಬೇಕೆಂದು ನ್ಯಾಯಾಲಯ ಹೇಳಿತು. 1995ರಲ್ಲಿ ಹುಟ್ಟಿದ್ದ ಮಹಾನಗರ್ ಗ್ಯಾಸ್ ಕಂಪನಿಯ ಕೊಳವೆ ಹಬ್ಬುತ್ತ ಬಂತು. ಕಾಳಿ ಪೀಲಿ ಟ್ಯಾಕ್ಸಿಗಳು ಸಿ.ಎನ್.ಜಿ. ಗ್ಯಾಸಿಗೆ ತಿರುಗಿದವು. ದಿಲ್ಲಿಯಲ್ಲಿಯೂ ಹೀಗೆಯೇ. 1998ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಬಸ್ಸುಗಳೆಲ್ಲ ಗ್ಯಾಸಿಗೆ ಬದಲಾಗಬೇಕೆಂದು ಆಜ್ಞೆ ಮಾಡಿತು; 2002ರ ಕೊನೆಯ ಹೊತ್ತಿಗೆ ಕೆಲಸ ಮುಗಿಯಿತು. 2000ರ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಬೆರೆಸಿದ ಪೆಟ್ರೋಲು ನಿಂತಿತು. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ಆರನೆಯ ನಿಯಮ ಬಂತು. ಯಾವುದೂ ತಾನಾಗಿ ಬರಲಿಲ್ಲ. ಯಾರೋ ಕೇಳಿದರು, ಕೇಳುತ್ತಲೇ ಇದ್ದರು, ಆದುದರಿಂದ ಬಂತು. ಆದರೆ ಗ್ಯಾಸಿನ ಪಂಪು ಸಾಲದೆ, ಆ ದಿನಗಳಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದುಡಿಮೆಯ ಹೊತ್ತು ಕಳೆದುಕೊಂಡವರು ಚಾಲಕರೇ. ಗಾಡಿ ಬದಲಾಗಬೇಕೆಂಬ ಆಜ್ಞೆ ಮುಂದೆ ಓಡಿತು. ಇಂಧನ ತುಂಬುವ ವ್ಯವಸ್ಥೆ ಹಿಂದೆ ಉಳಿಯಿತು.

ಇನ್ನೊಂದು ಉದಾಹರಣೆ ನಮ್ಮ ಮಧ್ಯರೈಲ್ವೆಯ ದಾರಿಯಲ್ಲೇ ಉಂಟು. ನೇರಳ್ ಸ್ಟೇಶನ್ನಿನಿಂದ ಗುಡ್ಡ ಹತ್ತಿದರೆ ಮಾಥೇರಾನ್. ಅಲ್ಲಿ ಮೋಟರು ವಾಹನಕ್ಕೆ ಪ್ರವೇಶವಿಲ್ಲ. ಗಾಳಿ ಶುಚಿ. ಆದರೆ ಆ ಶುಚಿಯ ಭಾರವನ್ನು ಹೊತ್ತವರು ಯಾರು? ಪ್ರವಾಸಿಗಳನ್ನು ಕೂರಿಸಿಕೊಂಡು ಕೆಂಪು ಮಣ್ಣಿನ ಏರುದಾರಿಯಲ್ಲಿ ಕೈಗಾಡಿ ಎಳೆಯುವ ಕೂಲಿಗಳು. ಎಳೆಯುವವರ ಸಂಘವೇ ಮುಂದೆ ಬಂದು ನಮಗೆ ಬ್ಯಾಟರಿ ರಿಕ್ಷಾ ಕೊಡಿ ಎಂದು ವರ್ಷಗಟ್ಟಲೆ ಹೋರಾಡಿತು. 2022ರ ಡಿಸೆಂಬರಿನಲ್ಲಿ ಪರೀಕ್ಷೆಗಾಗಿ ಕೆಲವು ಬ್ಯಾಟರಿ ರಿಕ್ಷಾಗಳು ಓಡಿದವು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಮನುಷ್ಯನನ್ನು ಮನುಷ್ಯ ಎಳೆಯುವ ಪದ್ಧತಿ ಆರು ತಿಂಗಳಲ್ಲಿ ನಿಲ್ಲಬೇಕು, ಗಾಡಿಗಳು ಎಳೆಯುತ್ತಿದ್ದವರಿಗೇ ಸಿಗಬೇಕು, ಹಣವಿಲ್ಲವೆಂಬ ನೆವ ಹೇಳಬಾರದು ಎಂದು ಆಜ್ಞಾಪಿಸಿತು. ಬದಲಾವಣೆಯಿಂದ ಉಂಟಾಗುವ ಲಾಭ ಅದರ ಕಷ್ಟ ಅನುಭವಿಸುವವನಿಗೆ ಮೊದಲು ಸಿಗಬೇಕೆಂಬ ನ್ಯಾಯ ಇದರಲ್ಲಿದೆ.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ಕಡಿಮೆ ನಡೆದಿಲ್ಲ. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಡೀಸೆಲ್ ಮಾದರಿಯ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರಂತೆ. ನಮ್ಮ ಹಳ್ಳಿಯ ಅಜ್ಜಿಯರು ದೀಪಕ್ಕೆ ಹಾಕುತ್ತಿದ್ದ ಹೊಂಗೆ ಎಣ್ಣೆಯಿಂದಲೂ ಎಂಜಿನ್ನು ಓಡೀತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು ತೋರಿಸಿಕೊಟ್ಟರು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ 2007ರಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ಜೈವಿಕ ಇಂಧನ ಉದ್ಯಾನ ಆರಂಭಿಸಿದರು. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ರಸ್ತೆಗೆ ಇಳಿದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಬೆಳಗಾವಿ ಬಾಗಲಕೋಟೆಗಳ ಕಬ್ಬಿನಿಂದ ಬರುವ ಎಥೆನಾಲ್ ಈಗ ನಾವು ಹಾಕಿಸುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬೆರೆಯುತ್ತಿದೆ. ಕಬ್ಬು ನೀರು ಕುಡಿಯುವ ಬೆಳೆ. ಊರಿನ ಬಾವಿ ಬತ್ತಿದವರು ಈ ಸಭೆಯಲ್ಲಿಯೇ ಇದ್ದೀರಿ. ಇಲ್ಲಿಯೂ ಅದೇ ಪ್ರಶ್ನೆ: ಭಾರ ಯಾರ ಪಾಲಿಗೆ?

ಇನ್ನು ಲೆಕ್ಕ. ಗುಮಾಸ್ತನಿಗೆ ಲೆಕ್ಕ ಹಾಕದೆ ನಿದ್ದೆ ಬಾರದು. ಆ ಕಲಬುರಗಿಯವರನ್ನೂ ಇನ್ನು ಮೂವರು ರಿಕ್ಷಾದವರನ್ನೂ ಒಂದು ಸಂಜೆ ಇದೇ ಮೇಜಿನ ಸುತ್ತ ಕೂರಿಸಿಕೊಂಡು ಲೆಕ್ಕ ಹಾಕಿದೆವು. ದರಗಳು ಏರಿಳಿಯುತ್ತವೆ, ಕೆಳಗಿನ ಅಂಕಿಗಳನ್ನು ಉದಾಹರಣೆಯೆಂದು ಹಿಡಿದು ತಾವೇ ತಿದ್ದಿಕೊಳ್ಳಬಹುದು.

ರಿಕ್ಷಾ ದಿನಕ್ಕೆ 100 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳಿ. ಒಂದು ಕಿಲೋ ಗ್ಯಾಸಿಗೆ 30 ಕಿಲೋಮೀಟರ್, ಕಿಲೋಗೆ 80 ರೂಪಾಯಿ ಎಂದರೆ ದಿನದ ಖರ್ಚು ಸುಮಾರು 267 ರೂಪಾಯಿ. ಬ್ಯಾಟರಿ ರಿಕ್ಷಾ ಅಷ್ಟೇ ದೂರ ಓಡಲು ಸುಮಾರು 8 ಯೂನಿಟ್ ವಿದ್ಯುತ್ತು ಬೇಕು. ಮನೆಯಲ್ಲಿ ಚಾರ್ಜು ಮಾಡಿ ಯೂನಿಟ್ಟಿಗೆ 10 ರೂಪಾಯಿ ಬಿದ್ದರೆ ದಿನಕ್ಕೆ 80. ಹೊರಗಿನ ಚಾರ್ಜಿಂಗ್ ಜಾಗದಲ್ಲಿ 20 ರೂಪಾಯಿ ಬಿದ್ದರೆ ದಿನಕ್ಕೆ 160. ತಿಂಗಳಿಗೆ 25 ದಿನದ ದುಡಿಮೆಯಾದರೆ ಮನೆಯ ಚಾರ್ಜಿನಲ್ಲಿ ಉಳಿತಾಯ 4,675 ರೂಪಾಯಿ. ಹೊರಗಿನ ಚಾರ್ಜಿನಲ್ಲಿ 2,675 ರೂಪಾಯಿ. ಬ್ಯಾಟರಿ ಗಾಡಿಯ ಬೆಲೆ ಒಂದು ಲಕ್ಷ ಹೆಚ್ಚೆಂದು ಹಿಡಿದು, ಆ ಲಕ್ಷವನ್ನು ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ ನಾಲ್ಕು ವರ್ಷದ ಕಂತಾಗಿ ಕಟ್ಟಿದರೆ ತಿಂಗಳಿಗೆ ಸುಮಾರು 2,630 ರೂಪಾಯಿ.

ಈಗ ನೋಡಿ. ಮನೆಯಲ್ಲಿ ಚಾರ್ಜು ಮಾಡಬಲ್ಲವನಿಗೆ ಕಂತು ಕಟ್ಟಿದ ಮೇಲೂ ಎರಡು ಸಾವಿರ ಕೈಯಲ್ಲಿ ಉಳಿಯುತ್ತದೆ. ಹೊರಗೆ ಚಾರ್ಜು ಮಾಡುವವನಿಗೆ ಉಳಿಯುವುದು ಒಂದು ಚಹಾದ ಕಾಸು. ಮುಂದೆ ಬ್ಯಾಟರಿ ಬದಲಾಯಿಸುವ ಖರ್ಚು ಬಂದರೆ ಅದೂ ಇಲ್ಲ. ನಮ್ಮ ರಿಕ್ಷಾದವರು ಇರುವುದೆಲ್ಲಿ? ಚಾಳಿನ ಒಂದು ಕೋಣೆಯಲ್ಲಿ. ಗಾಡಿ ನಿಲ್ಲುವುದು ಗಟಾರದ ಪಕ್ಕದಲ್ಲಿ. ಅಲ್ಲಿ ಪ್ಲಗ್ಗು ಎಲ್ಲಿಂದ ಬರಬೇಕು? ಕಾನೂನು ಅಡ್ಡಿ ಮಾಡಿಲ್ಲ. 2018ರ ಅಕ್ಟೋಬರಿನಿಂದ ಬ್ಯಾಟರಿ ಸಾರಿಗೆ ವಾಹನಕ್ಕೆ ಪರ್ಮಿಟ್ಟಿನಿಂದ ವಿನಾಯಿತಿ ಕೊಟ್ಟಿದ್ದಾರೆ. ಹಸಿರು ನಂಬರ್ ಪ್ಲೇಟು ನೋಡಿದರೆ ಗುರುತು ಸಿಗುತ್ತದೆ. ಕೊನೆಗೆ ಮಾತು ಬಂದು ನಿಂತದ್ದು ಒಂದು ಪ್ಲಗ್ಗಿನ ಮೇಲೆ. ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಆ ಪ್ಲಗ್ಗು ಉಂಟು, ಚಾಳಿನಲ್ಲಿ ಇಲ್ಲ. ಅದು ರಿಕ್ಷಾದವನೊಬ್ಬನಿಂದ ಬಗೆಹರಿಯುವ ಕಷ್ಟವಲ್ಲ.

ಆದುದರಿಂದ ಒಂದು ಒಕ್ಕೂಟ ಬೇಕೆನ್ನುತ್ತೇವೆ. ಇದೇನೂ ಹೊಸ ಕಲ್ಪನೆಯಲ್ಲ. ಅಮೆರಿಕದಲ್ಲಿ 1993ರಿಂದ ‘ಶುಚಿ ನಗರ’ಗಳೆಂಬ ಹೆಸರಿನ ಒಕ್ಕೂಟಗಳು ಊರೂರಿನಲ್ಲಿ ಹುಟ್ಟಿದವು. ವಾಹನದವರು, ಇಂಧನದವರು, ನಗರಸಭೆಯವರು, ನಿವಾಸಿಗಳು ಒಂದೇ ಮೇಜಿನ ಸುತ್ತ ಕುಳಿತು, ಯಾವ ಗಾಡಿಗೆ ಯಾವ ಇಂಧನ ಒಗ್ಗುತ್ತದೆಂದು ನೋಡುತ್ತಾರೆ. ನಮಗೂ ಒಟ್ಟುಗೂಡುವುದು ಹೊಸತಲ್ಲ. ಮುಂಬಯಿಯಲ್ಲಿ ಮೊಗವೀರ ಬಂಧುಗಳು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡದ್ದು 1902ರಲ್ಲಿ. ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದದ್ದು ಒಬ್ಬರ ಕೈ ಇನ್ನೊಬ್ಬರು ಹಿಡಿದದ್ದರಿಂದ.

ನಮ್ಮ ಒಕ್ಕೂಟದಲ್ಲಿ ರಿಕ್ಷಾದವರು, ಟೆಂಪೋದವರು, ಸೊಸೈಟಿಗಳ ಕಾರ್ಯದರ್ಶಿಗಳು, ಅಂಗಡಿಯವರು, ರೈಲು ಪ್ರಯಾಣಿಕರು, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ತಾಯಂದಿರು ಇರಬೇಕು. ಮರಾಠಿ ಬಂಧುಗಳಿಲ್ಲದೆ ಇದು ನಡೆಯಲಾರದು. ಉಸಿರಾಡುವ ಗಾಳಿಗೆ ಭಾಷೆಯಿಲ್ಲ. ಕೆಲಸ ನಾಲ್ಕೇ ನಾಲ್ಕು.

ಮೊದಲನೆಯದು, ನಿಂತ ಗಾಡಿಯ ಎಂಜಿನ್ನು ಬಂದ್ ಮಾಡಿಸುವುದು. ಬೈದು ಅಲ್ಲ; ಅದು ಏಕೆ ನಿಂತಿದೆ ಎಂದು ಕೇಳಿ ತಿಳಿದು. ನಮ್ಮ ಚಲನ್ ಕಥೆ ನೆನಪಿರಲಿ. ಜೊತೆಗೆ ಪಿ.ಯು.ಸಿ. ಸರ್ಟಿಫಿಕೇಟಿನ ದಿನಾಂಕ ಮೀರದಂತೆ ಒಬ್ಬರಿಗೊಬ್ಬರು ನೆನಪು ಮಾಡುವುದು.

ಎರಡನೆಯದು, ಪ್ಲಗ್ಗು. 2024ರ ಫೆಬ್ರವರಿಯಲ್ಲಿ ಆರಂಭವಾದ ಸೂರ್ಯ ಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಉಪಯೋಗಕ್ಕೆ, ವಾಹನ ಚಾರ್ಜು ಮಾಡುವುದೂ ಸೇರಿದಂತೆ, ಛಾವಣಿಯ ಸೌರ ಫಲಕಕ್ಕೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಸೊಸೈಟಿಯವರು ಹಗಲಿನಲ್ಲಿ ಬಿಸಿಲಿನಿಂದ ಬಂದ ವಿದ್ಯುತ್ತನ್ನು ನ್ಯಾಯವಾದ ದರಕ್ಕೆ ಒಬ್ಬಿಬ್ಬರು ರಿಕ್ಷಾದವರಿಗೆ ಕೊಟ್ಟರೆ ಹೊಗೆ ಯಾರ ಪಾಲಿಗೂ ಹೋಗುವುದಿಲ್ಲ. ಇನ್ನೊಂದು ಊರು ಹಳೆಯ ಠಾಕುರ್ಲಿಯಾಗುವುದು ತಪ್ಪುತ್ತದೆ. ಇದಕ್ಕೆ ಅಪ್ಪಣೆ, ಮೀಟರು, ದರ ಯಾವ ರೀತಿ ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ವಿಚಾರಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.

ಮೂರನೆಯದು, ಕಾಗದಪತ್ರ. ಸಾಲದ ಅರ್ಜಿ, ಸಹಾಯಧನದ ನಿಯಮ, ಬ್ಯಾಟರಿಯ ಗ್ಯಾರಂಟಿಯ ಸಣ್ಣಕ್ಷರ ಇವುಗಳನ್ನು ಓದಿ ಹೇಳಲು ವಾರಕ್ಕೊಂದು ಸಂಜೆ ಇದೇ ಮೇಜು ತೆರೆದಿರುತ್ತದೆ. ಸಾಲ ಮಾಡಬೇಡಿ ಎಂದು ಹೇಳಬೇಕಾದಲ್ಲಿ ಅದನ್ನೂ ಹೇಳುತ್ತೇವೆ. ಬಾಡಿಗೆಗೆ ಗಾಡಿ ಓಡಿಸುವವರಿಗೆ ಮೇಲಿನ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಉಳಿತಾಯ ಮಾಲಿಕರ ಪಾಲಾದರೆ ಓಡಿಸುವವನಿಗೆ ಏನು ಬಂತು? ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಸೇರಿ ಹುಡುಕಬೇಕು.

ನಾಲ್ಕನೆಯದು ನಮ್ಮ ನಿಮ್ಮ ಕಾಲುಗಳದು. ಸ್ಟೇಶನ್ನಿಗೆ ಹದಿನೈದು ನಿಮಿಷದ ದಾರಿಗೆ ಸಾಲದ ಮೋಟರ್ ಸೈಕಲ್ ತೆಗೆಯುವ ಹುಡುಗರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ನೆತ್ತಿಯ ಮೇಲೆ ತಂತಿ, ಕಾಲ ಕೆಳಗೆ ಹಳಿ. ಸಾವಿರಾರು ಜನರನ್ನು ಒಮ್ಮೆಗೇ ಒಯ್ಯುವ ಲೋಕಲ್ ಗಾಡಿಗಿಂತ ಶುಚಿಯಾದ ವಾಹನ ನಮ್ಮ ಪ್ರಾಂತದಲ್ಲಿ ಇನ್ನೊಂದಿಲ್ಲ. ಊರಿಗೆ ಹೋಗುವ ದಾರಿಯೂ ಹಾಗೆಯೇ ಆಗಿದೆ. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ರೈಲಿನ ಮೇಲೇರಿಸಿ ಒಯ್ಯುತ್ತಿದ್ದಾರೆ. 2022ರಲ್ಲಿ ಆ ದಾರಿಯೆಲ್ಲ ವಿದ್ಯುತ್ತಿನದಾಯಿತು. ರೈಲಿನಲ್ಲಿ ನೂಕುನುಗ್ಗಲಿಲ್ಲವೇ ಎಂದು ಕೇಳುವಿರಿ. ಉಂಟು. ಬಾಗಿಲಿಗೆ ಜೋತು ಹೋಗುವವರಿಗೆ ರೈಲಿನಲ್ಲಿಯೇ ಹೋಗಿ ಎಂದು ಸುಲಭವಾಗಿ ಉಪದೇಶ ಮಾಡಲಾಗದು. ಹೆಚ್ಚು ಗಾಡಿ ಕೇಳುವುದೂ, ಸ್ಟೇಶನ್ನಿನವರೆಗೆ ನೆಟ್ಟಗೆ ನಡೆಯಲು ಕಾಲುದಾರಿ ಕೇಳುವುದೂ, ನಗರಸಭೆಯ ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ ಎಂದು ಕೇಳುವುದೂ ಶುಚಿ ಗಾಳಿಯ ಕೆಲಸವೇ ಎಂದು ನಾವು ತಿಳಿಯುತ್ತೇವೆ.

ಇದರಿಂದ ಠಾಕುರ್ಲಿಯ ಗಾಳಿ ನಾಳೆಯೇ ಸಹ್ಯಾದ್ರಿಯ ಗಾಳಿಯಾಗುವುದೆಂದು ನಾವು ಹೇಳುವುದಿಲ್ಲ. ಕಾರ್ಖಾನೆಯ ಚಿಮಣಿ ನಮ್ಮ ಮಾತು ಕೇಳದು. ನಾವು ಅನ್ನ ತಿನ್ನುವುದೂ ಅಂಥದೇ ಒಂದು ಚಿಮಣಿಯ ಕೆಳಗೆ. ಆದರೆ ಮಿಲ್ಲಿನ ಗೇಟಿನಲ್ಲಿ ಅರ್ಧ ಗಂಟೆಯ ಕೆಲಸದಿಂದ ಒಂದು ಸಾಲು ಟೆಂಪೋಗಳು ಸುಮ್ಮನಾದುದನ್ನು ಕಣ್ಣಾರೆ ಕಂಡಿದ್ದೇವೆ. ಅಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆವು.

ಕಳೆದ ವಾರ ಆ ಹಿರಿಯರ ಮನೆಗೆ ಹೋಗಿ, ಈ ಭಾಷಣದ ವಿಷಯ ತಿಳಿಸಿದೆವು. ಅವರು ಎಲ್ಲವನ್ನೂ ಕೇಳಿ, “ಭಾಷಣ ಇರಲಿ ತಮ್ಮಾ, ಕಿಟಕಿ ತೆಗೆದ ದಿನ ಹೇಳಿ ಕಳಿಸು” ಎಂದರು. ಕಿಟಕಿಯ ಪಕ್ಕದ ಕುರ್ಚಿಯನ್ನು ನಾವು ಬೇರೆ ಕಡೆಗೆ ಸರಿಸಿಲ್ಲ. ಒಕ್ಕೂಟಕ್ಕೆ ಹೆಸರು ಕೊಡುವವರಿಗಾಗಿ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇವೆ. ಮೊದಲ ಹೆಸರು ಆಗಲೇ ಬಿದ್ದಿದೆ; ಅದು ಕಲಬುರಗಿಯ ಆ ರಿಕ್ಷಾದವರದು. ಎರಡನೆಯ ಗೆರೆ ಖಾಲಿ ಇದೆ.